ತೊಟ್ಟಿಗೆ ಬಿದ್ದ ಸಗಣಿ

ರಾಯಚೂರಿನ ವಿರೂಪಣ್ಣನ ಹತ್ತಿ ಬಿಡಿಸುವ ಜಿನ್ನಿನ ಹಿಂದೆ ಎರಡಾಳೆತ್ತರದ ಕಟ್ಟಿಗೆಯ ಗೋಪುರವೊಂದಿತ್ತು. ಇಂಜಿನ್ನಿನಲ್ಲಿ ಕಾದ ನೀರು ಅದರ ತುದಿಗೇರಿ, ಹಲಗೆಯಿಂದ ಹಲಗೆಗೆ ಬಿದ್ದು, ಗಾಳಿಗೆ ತಣ್ಣಗಾಗಿ ಕೆಳಗಿನ ತೊಟ್ಟಿ ಸೇರುತ್ತಿತ್ತು. ಅಲ್ಲಿಂದ ಮತ್ತೆ ಇಂಜಿನ್ನಿಗೆ. ಆ ತೊಟ್ಟಿಗಿಳಿದು ಪಾಚಿ ಕೆರೆಯುವವನು ಮಸರಕಲ್ಲಿನ ಮೌನಪ್ಪ. ಆರು ವರ್ಷ ಕೆರೆದ. ಕಿವಿಯಿಂದಲೇ ಇಂಜಿನ್ನಿನ ನಾಡಿ ಹಿಡಿಯುವುದನ್ನೂ ಕಲಿತ.

ಯುದ್ಧದ ಕಾಲ. ಇಂಜಿನ್ ನಡೆಸುತ್ತಿದ್ದ ಡ್ರೈವರ್ ಪೀರಾ ಸಾಬ್ ಕಣ್ಣು ಮಂಜಾಗಿ ಮಾನ್ವಿಯ ಮಗಳ ಮನೆ ಸೇರಿದಾಗ ಬೇರೆ ಆಳು ಸಿಗಲಿಲ್ಲ.

"ಈ ಹಂಗಾಮ ನಿಲ್ಲದಂಗ ನಡಸು, ಡ್ರೈವರ್ ಜಾಗ ನಿಂದ" ಎಂದ ವಿರೂಪಣ್ಣ. ಊರ ಹೊರಗಿನ ತನ್ನ ಕೇರಿಯಲ್ಲಿ ಯಾರಿಗೂ ಸಿಗದ ಜಾಗ! ಮೌನಪ್ಪ ಹಿಗ್ಗಿ ಹೀರೇಕಾಯಿಯಾದ.

ವಿರೂಪಣ್ಣನ ತಾಯಿ ಬಸವಂತಮ್ಮ ಒಂದು ದಿನ ಪಕ್ಕದ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ್ದಳು. ಗಾಳಿ ಬೀಸಿ ಗೋಪುರದ ತುಂತುರು ಹಪ್ಪಳದ ಮೇಲೆ ಬಿತ್ತು.

"ಅಯ್ಯ ಶಿವನ! ಅವನ ಕಾಲು ತೊಳದ ನೀರು ನನ್ನ ಹಪ್ಪಳಕ್ಕ!"

ಅದೇ ನೀರಿನಿಂದ ಆರು ವರ್ಷ ಸಂಪತ್ತು ಬಂದಾಗ ಮೈಲಿಗೆ ತಟ್ಟಿರಲಿಲ್ಲ, ನೋಡಿ! ಮುದುಕಿ ಎರಡು ಬುಟ್ಟಿ ಸಗಣಿಗೆ ವಿಭೂತಿ ಬೆರೆಸಿ ತೊಟ್ಟಿಗೆ ಸುರಿಸಿದಳು. ನೀರು ಶುದ್ಧವಾಯಿತಂತೆ.

ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಬಡಿತ ಬಿರುಸಾಯಿತು. ಮೌನಪ್ಪ ಹೊರಗೋಡಿ ನೋಡಿದರೆ, ತೊಟ್ಟಿಯ ಕೊಳವೆಯ ಜಾಲರಿಗೆ ಸಗಣಿಯ ನಾರು ಮೆತ್ತಿ ನೀರು ಹೋಗುವುದೇ ನಿಂತಿದೆ.

"ಸಾವಕಾರ್ರ, ಜಾಲರಿ ತೊಳಿತೀನ್ರಿ, ಒಂದ್ ಗಳಿಗಿ!"

"ಕೈ ಹಾಕೀ ಮತ್ತ! ಅವ್ವ ಈಗ ಶುದ್ಧ ಮಾಡ್ಯಾಳ."

"ಹಂಗಾರ ಇಂಜಿನ್ನರ ನಿಲ್ಲಸ್ತೀನ್ರಿ."

"ನಿಲ್ಲಸು. ಡ್ರೈವರ್ ಜಾಗಾನೂ ಬಿಡು."

ಮೌನಪ್ಪ ಒಳಗೋಡಿ ನಿಲ್ಲಿಸುವ ಹಿಡಿಕೆ ಹಿಡಿದ. ಹಾಳು ಆಸೆ! ಕೈ ಅಲ್ಲೇ ನಿಂತುಬಿಟ್ಟಿತು. ನೀರಿಲ್ಲದೆ ಕಾದ ಇಂಜಿನ್ನಿನ ಮೇಲ್ಮುಚ್ಚಳ, ಹೆಡ್ಡು, ಢಂ ಎಂದು ಸೀಳಿಹೋಯಿತು.

"ಇಂಥವನ ಕೈಗೆ ಕೊಟ್ಟಿದ್ದ ತಪ್ಪು" ಎಂದು ವಿರೂಪಣ್ಣ ಅವನನ್ನು ಹೊರಗಟ್ಟಿದ.

ತಿಂಗಳ ಮೇಲೆ ಹೈದರಾಬಾದಿನಿಂದ ಹೊಸ ಹೆಡ್ಡು ಬಂತು, ಜೊತೆಗೆ ಹೊಸ ಡ್ರೈವರ್ ಜಿಲಾನಿ ಪಾಷಾ. ಅವನು ತೊಟ್ಟಿ ಕಂಡು ಮೂಗು ಮುಚ್ಚಿಕೊಂಡ.

"ಮೊದಲ ಇದನ್ನ ತೊಳಸ್ರಿ."

ಶುದ್ಧವಾದ ತೊಟ್ಟಿಗಿಳಿಯಲು ಮನೆಯವರು ಯಾರೂ ಮುಂದೆ ಬರಲಿಲ್ಲ. ಮೌನಪ್ಪನಿಗೇ ಹೇಳಿಕಳಿಸಿದರು. ಮನೆಯಲ್ಲಿ ಹಿಟ್ಟಿರಲಿಲ್ಲ, ಬಂದ. ಎದೆಮಟ್ಟದ ಹೊಲಸಿನಲ್ಲಿ ನಿಂತು ದಿನವಿಡೀ ಬಳಿದು, ಜಾಲರಿ ತಿಕ್ಕಿ, ಹೊಸ ನೀರು ತುಂಬಿಸಿದ. ಇಂಜಿನ್ ಗುಡುಗಿತು.

ಧೋತರ ಹಿಂಡಿಕೊಳ್ಳುತ್ತಿದ್ದಾಗ ಮಾಳಿಗೆಯಿಂದ ಬಸವಂತಮ್ಮನ ಕೂಗು ಕೇಳಿತು.

"ಅವ ಹೊರಗ ಬಂದನೇನು? ಸಗಣಿ ಬುಟ್ಟಿ ತರ್ರಿ!"

ಜಾಲರಿ ಮತ್ತೆ ಕಟ್ಟೀತೆಂಬ ಮಾತು ಮೌನಪ್ಪನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಕೇರಿಯ ದಾರಿ ಹಿಡಿದ.