ಮುರಗೆಪ್ಪ ಮುಚ್ಚಿದ ಎರಡನೇ ಪೈಪು

ಅಸಂಗಿಯ ಮುರಗೆಪ್ಪನ ಮನೆಯಲ್ಲಿ ಸಂಡಾಸವಿತ್ತು. ಬಿಳಿ ಟೈಲ್ಸು, ನೀಲಿ ಬಾಗಿಲು, ಗೋಡೆಯ ಮೇಲೆ ಸರಕಾರದ ಯೋಜನೆಯ ಹೆಸರು, ಎಲ್ಲವೂ ಇತ್ತು. ಆದರೆ ಅದರೊಳಗೆ ಇದ್ದದ್ದು ಎಮ್ಮೆಗೆ ಹಾಕುವ ಹಿಂಡಿಯ ಚೀಲಗಳು. ಹಿಂಡಿ ಬಿಸಿಲು ಮಳೆ ಕಾಣದೆ ನೆರಳಲ್ಲಿ ಸುಖವಾಗಿತ್ತು. ಮನೆಯ ಹೆಂಗಸರು ಮಾತ್ರ ತಂಬಿಗೆ ಹಿಡಿದು, ನಸುಕಿನಲ್ಲೊಮ್ಮೆ, ಹೊತ್ತು ಮುಳುಗಿದ ಮೇಲೊಮ್ಮೆ ಬದುವಿನಾಚೆಯ ಜಾಲಿಕಂಟಿಯ ಮರೆಗೆ ಹೋಗಿ ಬರುತ್ತಿದ್ದರು.

ಮುರಗೆಪ್ಪನ ಹೆಂಡತಿ ಗೌರವ್ವನಿಗೆ ಇದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತಾರು ವರ್ಷ ಅವಳು ಹಾಗೆಯೇ ದಿನ ನೂಕಿದ್ದಳು. ಮುಳ್ಳು ಚುಚ್ಚಿಸಿಕೊಂಡಿದ್ದಳು, ಹಾವು ಕಂಡು ಓಡಿ ಬಂದಿದ್ದಳು, ಮೋಟರ್‌ಸೈಕಲ್ಲಿನ ಬೆಳಕು ಮೈಮೇಲೆ ಬಿದ್ದಾಗ ಥಟ್ಟನೆ ಎದ್ದು ನಿಂತಿದ್ದಳು. ತನ್ನದು ಹೇಗೋ ಮುಗಿಯಿತು ಎಂದುಕೊಂಡಿದ್ದಳು. ಈಗ ಮಗಳು ದೀಪಾಲಿ ಬಂದಿದ್ದಳು. ಸೀಮಂತದ ಕುಬಸ ಮುಗಿಸಿಕೊಂಡು, ಏಳು ತಿಂಗಳ ಹೊಟ್ಟೆ ಹೊತ್ತು, ಚೊಚ್ಚಲ ಬಾಣಂತನಕ್ಕೆಂದು ಮುಚ್ಚಂಡಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು.

ಸಂಡಾಸ ಇದ್ದೂ ಇಲ್ಲದಂತಾದದ್ದು ಹೇಗೆ? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ಹೋದ ವರ್ಷ ಮುರಗೆಪ್ಪ ಸಂಡಾಸದ ಜೊತೆಗೇ ಹಿತ್ತಲಲ್ಲಿ ಗೋಬರ ಗ್ಯಾಸು ಕಟ್ಟಿಸಿದ. ಕಟ್ಟಿದವನು ಊರಿನ ಗವಂಡಿ ಸಂಭಾಜಿ. ದಲಿತ ಬೌದ್ಧರ ಓಣಿಯವನು, ಗೋಬರ ಗ್ಯಾಸಿನ ಟಾಕಿ ಕಟ್ಟುವುದನ್ನು ತರಬೇತಿಗೆ ಹೋಗಿ ಕಲಿತು ಬಂದವನು. ಟಾಕಿಗೆ ಅವನು ಎರಡು ಪೈಪು ಇಟ್ಟ. ಒಂದು ಕೊಟ್ಟಿಗೆಯ ಸೆಗಣಿಗೆ, ಇನ್ನೊಂದು ಸಂಡಾಸಕ್ಕೆ. ಒಲೆ ಮೊದಲ ಸಲ ನೀಲಿಯಾಗಿ ಹೊತ್ತಿದ ದಿನ ಓಣಿಯ ಮಂದಿಯೆಲ್ಲ ನೋಡಲು ಬಂದರು. ಪಕ್ಕದ ಮನೆಯ ಅಕ್ಕವ್ವ ಮೂಗಿನ ಮೇಲೆ ಬೆರಳಿಟ್ಟು, "ಅಯ್ಯ ನಮ್ಮವ್ವ! ಸಂಡಾಸದ ಗ್ಯಾಸಿನಾಗ ಮಾಡಿದ್ದನ್ನ ದೇವರಿಗಿ ಎಡಿ ಹಿಡೀತೀರೇನು?" ಎಂದಳು.

ಅಷ್ಟು ಸಾಕಾಯಿತು. ಅಂದು ಸಂಜೆಯೇ ಮುರಗೆಪ್ಪ ಒಂದು ಬುಟ್ಟಿ ಸಿಮೆಂಟು ಕಲಸಿ, ಸಂಡಾಸದ ಹಿಂದಿನ ಚೇಂಬರಿನಲ್ಲಿ ಎರಡನೇ ಪೈಪಿನ ಬಾಯಿ ಮುಚ್ಚಿಬಿಟ್ಟ. ಬೇರೆ ಗುಂಡಿ ತೋಡಿಸಿರಲಿಲ್ಲ. ಹೀಗಾಗಿ ಸಂಡಾಸ ಹಿಂಡಿಯ ಗೋದಾಮಾಯಿತು. ಪಕ್ಕದ ಮನೆಯ ಒಂದು ಮಾತಿಗೆ ಇಷ್ಟು ಬೆಲೆ, ಮನೆಯ ಹೆಂಗಸರ ಕಷ್ಟಕ್ಕೆ ಮೂರು ಕಾಸಿನ ಬೆಲೆಯಿಲ್ಲ!

ಮುಚ್ಚಂಡಿಯಲ್ಲಿ ದೀಪಾಲಿಗೆ ಸಂಡಾಸದ ರೂಢಿಯಾಗಿತ್ತು. ತವರಿಗೆ ಬಂದ ಮೂರನೇ ದಿನಕ್ಕೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು.

"ಒಂದ್ ಗುಟುಕ ಕುಡಿಯವ್ವಾ, ಬಿಸಲ ಭಾಳ ಅದ" ಎಂದಳು ಗೌರವ್ವ.

"ಬ್ಯಾಡವ್ವಾ. ಕುಡದ್ರ ಹೋಗಬೇಕಾಗ್ತದ. ಹಗಲ್ಹೊತ್ತಿನ್ಯಾಗ ಎಲ್ಲಿ ಹೋಗ್ಲಿ? ಹೊತ್ತ ಮುಳಗ್ಲಿ, ಕುಡೀತೀನಿ."

ಎರಡು ವಾರ ಕಳೆಯುವುದರೊಳಗೆ ಮಗಳಿಗೆ ಚಳಿ ಜ್ವರ ಬಂತು. ಕಿಬ್ಬೊಟ್ಟೆ ಹಿಡಿದುಕೊಂಡು ನರಳತೊಡಗಿದಳು. ಗೌರವ್ವ ಅವಳನ್ನು ಬಸ್ಸಿನಲ್ಲಿ ಜತ್ತಿನ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ತಪಾಸಣೆ ಮಾಡಿ, "ಮೂತ್ರದ ಸೋಂಕು ಆಗ್ಯದ. ಬಸರಿಗಿ ಇದು ಹಗರ ಅಲ್ಲ. ಹಿಂಗ ಬಿಟ್ರ ದಿನ ತುಂಬೂದ್ರೊಳಗ ಹೆರಗಿ ಆಗಿ ಕೂಸಿನ ಜೀವಕ್ಕ ಕುತ್ತ ಬರ್ತದ. ಗುಳಿಗಿ ಕೊಡ್ತೀನಿ. ಆದ್ರ ದಿನಾ ನೀರು ಭಾಳ ಕುಡೀಬೇಕು. ಬಂದಾಗ ತಡಕೊಂಡು ಕುಂದ್ರಬಾರದು" ಎಂದರು. ಆಮೇಲೆ ಕೇಳಿದರು, "ಮನ್ಯಾಗ ಸಂಡಾಸ ಇಲ್ಲೇನು?"

"ಅದರಿ" ಎಂದಳು ದೀಪಾಲಿ.

"ಮತ್ತ?"

ಹಿಂಡಿ ಇಟ್ಟಿದ್ದೇವೆ ಎಂದು ಹೇಳಲು ಗೌರವ್ವನಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಗುಳಿಗೆಯ ಚೀಟಿ ತೆಗೆದುಕೊಂಡಳು. ಮರಳಿ ಬರುವಾಗ ಬಸ್ಸಿನಲ್ಲಿ ದೀಪಾಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಅವ್ವಾ, ನಾ ಮುಚ್ಚಂಡಿಗಿ ಹೋಗ್ತೀನಿ. ಅಲ್ಲೇ ಹಡೀತೀನಿ. ಈ ಕೂಸ ಉಳೀಬೇಕು ನನಗ" ಎಂದಳು.

ಆ ಮಾತು ಗೌರವ್ವನ ಎದೆಗೆ ನಾಟಿತು. ಚೊಚ್ಚಲ ಬಾಣಂತನಕ್ಕೆ ಬಂದ ಮಗಳು, ತವರಿನಲ್ಲಿ ಕೂರಲು ಜಾಗವಿಲ್ಲವೆಂದು ಗಂಡನ ಮನೆಗೆ ತಿರುಗಿ ಹೋಗುವುದೇ? ಇದಕ್ಕಿಂತ ಹೆಚ್ಚಿನ ಅವಮಾನ ಯಾವ ತಾಯಿಗಿದೆ? ಅಳು ಬರಬೇಕಾಗಿತ್ತು, ಬರಲಿಲ್ಲ. ಸಿಟ್ಟು ಬಂತು.

ಮನೆಗೆ ಬಂದವಳೇ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮುರಗೆಪ್ಪನೇನು ಕಲ್ಲುಮನಸ್ಸಿನವನಲ್ಲ. ಮಗಳ ಬಾಡಿದ ಮುಖ ನೋಡಿ ತಾನೇ ಹಿಂಡಿಯ ಚೀಲ ಎತ್ತಿ ಪಡಸಾಲೆಗೆ ಹಾಕಿದ. "ನಾಳಿಂದ ಸಂಡಾಸ ವಾಪರಸ್ಲಿ" ಎಂದ. "ಆದ್ರ ಆ ಪೈಪ ಮಾತ್ರ ಬಿಚ್ಚೂದಿಲ್ಲ. ಚೇಂಬರ್ ತುಂಬಿದಾಗ ಬಳಿಸಿ ತಗಸಿದ್ರಾತು. ಸಂಭಾಜಿಗಿ ಫೋನ್ ಹಚ್ತೀನಿ. ಅವ್ರ ಓಣಿಂದ ಯಾರನ್ನರ ಕಳಸ್ತಾನ."

ನೋಡಿ, ಮನುಷ್ಯನ ಬುದ್ಧಿ ಹೇಗೆ ಓಡುತ್ತದೆ! ತನ್ನ ಮನೆಯ ಹೊಲಸು ತನ್ನ ಟಾಕಿಗೆ ಹೋಗಬಾರದು, ಇನ್ನೊಬ್ಬರ ಮಗನ ತಲೆಯ ಮೇಲೆ ಹೋಗಬಹುದು. ಗೌರವ್ವನಿಗೆ ಕೂಡ ಆ ಕ್ಷಣಕ್ಕೆ ಅದು ತಪ್ಪೆಂದು ಹೊಳೆಯಲಿಲ್ಲ. ಮಗಳ ಚಿಂತೆಯಲ್ಲಿ ಸುಮ್ಮನಿದ್ದಳು.

ಮರುದಿನ ಬೆಳಿಗ್ಗೆ ಸಂಭಾಜಿ ಹತಾರಗಳ ಚೀಲ ಹಿಡಿದು ಬಂದ. ಒಲೆ ಕೆಟ್ಟಿರಬೇಕು, ರಿಪೇರಿಗೆ ಕರೆದಿದ್ದಾರೆ ಎಂದುಕೊಂಡಿದ್ದ. ಮುರಗೆಪ್ಪ ವಿಷಯ ಹೇಳಿದ. ಸಂಭಾಜಿಯ ಮುಖ ಕೆಂಪಾಯಿತು.

"ಮಾಲಕರ, ಗ್ವಾಡಿ ಕಟ್ಟಂದ್ರ ಕಟ್ತೀನಿ, ಟಾಕಿ ಕಟ್ಟಂದ್ರ ಕಟ್ತೀನಿ. ಇದಕ್ಕ ನಮ್ಮ ಓಣಿಂದ ಒಬ್ಬರೂ ಬರೂದಿಲ್ಲ."

"ಪುಕ್ಕಟ ಕರಿಯೂದಿಲ್ಲೊ, ಪಗಾರ ಕೊಡ್ತೀನಿ."

"ಪಗಾರದ ಮಾತ ಅಲ್ರಿ ಇದು! ಒಬ್ಬ ಮನಷ್ಯಾನ ಹೊಲಸ ಇನ್ನೊಬ್ಬ ಮನಷ್ಯಾನ ಕೈಲಿಂದ ತಗಸೂದು ಕಾಯದೆದಾಗ ಗುನ್ಹೆ ಅದ. ತಗಸಿದವ್ರಿಗಿ ಜೇಲ್ ಅದ. ನಾ ತರಬೇತಿಗಿ ಹೋಗಿ, ಕಲತು ಬಂದು, ಯಾರೂ ಯಾರ ಹೊಲಸಕ್ಕೂ ಕೈ ಹಚ್ಚಬಾರದಂತ ನಿಮಗ ಆ ಪೈಪ ಹಾಕಿ ಕೊಟ್ಟೆ. ನೀವು ಅದನ್ನ ಮುಚ್ಚಿ, ಈಗ ನಮ್ಮ ಹುಡುಗರ ಕೈಯಾಗ ಬಕೀಟ ಕೊಡ್ತೀನಂತೀರಿ?"

ಗೌರವ್ವನಿಗೆ ನಿನ್ನೆ ತಾನು ಸುಮ್ಮನಿದ್ದುದು ನೆನಪಾಗಿ ನಾಚಿಕೆಯಾಯಿತು. ಮುರಗೆಪ್ಪ ದನಿ ತಗ್ಗಿಸಿದ.

"ಸಿಟ್ಟಾಗಬ್ಯಾಡೊ ಸಂಭಾಜಿ. ತಪ್ಪಾತು. ಆದ್ರ ನನ್ನ ತ್ರಾಸ ನೀನೂ ತಿಳಕೊ. ಸಂಡಾಸದ ಬೆಂಕ್ಯಾಗ ಬೆಂದದ್ದನ್ನ ನಾ ಲಿಂಗಕ್ಕ ಹ್ಯಾಂಗ ತೋರಸ್ಲಿ? ಹ್ಯಾಂಗ ಉಣ್ಲಿ?"

ಸಂಭಾಜಿ ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ. "ಟಾಕ್ಯಾಗ ಗಾಳಿ ಇರೂದಿಲ್ರಿ. ಎಮ್ಮಿದು ಇರ್ಲಿ, ಮನಷ್ಯಾಂದು ಇರ್ಲಿ, ಒಳಗ ಕಣ್ಣಿಗಿ ಕಾಣದ ಸಣ್ಣ ಜಂತು ಅದನ್ನ ತಿಂದು ಗ್ಯಾಸ್ ಮಾಡ್ತಾವ. ಒಲಿಗಿ ಬರೂದು ಆ ಗ್ಯಾಸ್ ಒಂದೇ. ಹೊಲಸೆಲ್ಲ ಕೆಳಗ ಉಳದು, ತೆಳ್ಳನ ರಾಡಿ, ಸ್ಲರಿ ಆಗಿ ಆ ಕಡಿ ಹೊರಗ ಬೀಳ್ತದ. ನಿಮ್ಮ ಗಡಿಗಿಗಿ ಏನೂ ಹತ್ತೂದಿಲ್ಲ. ಖರೇ ಹೇಳ್ತೀನಿ, ಮನಷ್ಯಾಂದರಿಂದ ಸಿಗೂ ಗ್ಯಾಸ್ ಸ್ವಲ್ಪನ. ಹೆಚ್ಚಿಂದು ನಿಮ್ಮ ನಾಕ ಎಮ್ಮಿಗೋಳ ಸೆಗಣಿದು. ಆದ್ರ ಗುಂಡಿ ತುಂಬೂ ಚಿಂತಿ ಇಲ್ಲ, ಯಾರೂ ಬಳಿಯೂದು ಬೇಕಿಲ್ಲ, ಮ್ಯಾಲ ಹೊಲಕ್ಕ ಗೊಬ್ಬರ."

"ಗೊಬ್ಬರ ಅಂದ್ರ... ಅದನ್ನ ಬೆಳಿಗಿ ಹಾಕೂದ? ಹೇಸಿಕಿ ಅಲ್ಲೇನೊ?"

"ಮುಂಜಾನೆ ತಂಬಿಗಿ ತಗೊಂಡು ನೀವು ಎಲ್ಲಿ ಹೋಗ್ತೀರಿ, ಮಾಲಕರ?"

"ಹೊಲಕ್ಕ."

"ಆ ಹೊಲದಾಗ ಏನ್ ಬೆಳೀತೀರಿ?"

"ಜ್ವಾಳ" ಎಂದ ಮುರಗೆಪ್ಪ.

"ನೋಡ್ರಿ" ಎಂದ ಸಂಭಾಜಿ. "ಆ ಜ್ವಾಳದ ರೊಟ್ಟಿ ದೇವರಿಗೂ ನಡೀತದ, ನಿಮಗೂ ನಡೀತದ. ಅಲ್ಲಿ ಬಿದ್ದದ್ದರ ಮ್ಯಾಲ ನೊಣ ಕುಂತು ಸೀದಾ ನಿಮ್ಮ ತಾಟಿಗಿ ಬರ್ತದ, ಅದೂ ನಡೀತದ. ಮುಚ್ಚಿದ ಟಾಕ್ಯಾಗ ಒಂದೂವರಿ ತಿಂಗಳ ಕೊಳತು ಹೊರಗ ಬಿದ್ದದ್ದು ನಿಮಗ ಹೇಸಿಕಿ!"

"ಆದ್ರೂ... ಸೆಗಣಿ ಮಾತ ಬ್ಯಾರೆ. ಸೆಗಣಿ ಶುದ್ಧ."

ಗೌರವ್ವನಿಗೆ ಇನ್ನು ತಡೆಯಲಾಗಲಿಲ್ಲ. ಇಪ್ಪತ್ತಾರು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಹೌದ್ರಿ, ಸೆಗಣಿ ಶುದ್ಧ. ಆಕಳ ಸೆಗಣಿ ಸುಟ್ಟು ಮಾಡಿದ ಇಬತ್ತಿ ನಾನೂ ಹಣೀಗಿ ಹಚ್ಚಕೋತೀನಿ. ಆಕಳ ಶುದ್ಧ, ಎಮ್ಮಿ ಶುದ್ಧ, ನೀವು ಹಡದ ಮಗಳೊಬ್ಬಾಕಿ ಮೈಲಿಗೀನ? ಎಮ್ಮಿ ನಿಂತಲ್ಲೇ ಹಾಕ್ತದ, ಅದನ್ನ ನಾ ಬಳದು ಮರ್ಯಾದಿಲೆ ಟಾಕಿಗಿ ಬಿಡ್ತೀನಿ. ಬಸರಿ ಹೆಣ್ಣಮಗಳು ಹಗಲೆಲ್ಲ ಬಾಯಿ ಒಣಗಿಸ್ಕೊಂಡು ಕುಂದ್ರತಾಳ! ಆ ಕೂಸಿಗೆ ಏನರ ಆದ್ರ ಯಾವ ದೇವರ ಮುಂದ ಎಡಿ ಹಿಡೀತೀರಿ? ಏನ್ ಮುಖ ಇಟ್ಕೊಂಡು ಹಿಡೀತೀರಿ? ಕೇಳ್ರಿ. ಆ ಪೈಪ ಬಿಚ್ಚೂತನ ನಾ ಆ ಒಲಿ ಹಚ್ಚೂದಿಲ್ಲ. ಮಗಳನ್ನ ಕರ್ಕೊಂಡು ನಾನೂ ಮುಚ್ಚಂಡಿಗಿ ನಡದೆ."

ಒಳಗಿನ ಬಾಗಿಲಲ್ಲಿ ದೀಪಾಲಿ ನಿಂತಿದ್ದಳು. ಜ್ವರದಿಂದ ತುಟಿ ಒಡೆದಿತ್ತು. ಮುರಗೆಪ್ಪ ಅವಳನ್ನು ನೋಡಿದ, ಅವಳ ಹೊಟ್ಟೆಯನ್ನು ನೋಡಿದ. ಕೊನೆಗೆ, "ಸಂಭಾಜಿ, ಆ ಸಿಮೆಂಟ ಒಡದು ತಗಿಯಪ್ಪ" ಎಂದ.

ಸಂಭಾಜಿ ಚೀಲದಿಂದ ಚಾಣ, ಸುತ್ತಿಗೆ ತೆಗೆದು ಅವನ ಮುಂದೆ ಹಿಡಿದ. "ಮುಚ್ಚಿದವ್ರು ನೀವು. ನೀವೇ ತಗೀರಿ. ಎಲ್ಲಿ ಹೊಡೀಬೇಕು ನಾ ಹೇಳ್ತೀನಿ."

ಮುರಗೆಪ್ಪ ಧೋತರ ಮೇಲೆ ಕಟ್ಟಿ, ಚೇಂಬರಿನ ಹಾಸುಗಲ್ಲು ಸರಿಸಿ ಮೊಣಕಾಲೂರಿ ಕೂತ. ಸಂಭಾಜಿ ಪಕ್ಕದಲ್ಲಿ ನಿಂತು, "ಹಗೂರಕ, ಪೈಪಿಗಿ ಬಡೀಬಾರದು, ಅಂಚಿಗಿ ಹೊಡೀರಿ" ಎಂದು ಹೇಳುತ್ತಲೇ ಮುಂದಿನದನ್ನೂ ತಿಳಿಸಿಕೊಟ್ಟ.

"ಸಂಡಾಸಕ್ಕ ಎಸಿಡ್, ಫಿನೈಲ್ ಹಾಕಬ್ಯಾಡ್ರಿ, ಟಾಕ್ಯಾಗಿನ ಜಂತು ಸಾಯ್ತಾವ. ಬ್ರಷ್ಲೆ ತಿಕ್ಕಿದ್ರ ಸಾಕು. ಸಾಬೂನಿನಿಂದ ಕೈ ತೊಳೀಲಿಕ್ಕೇಬೇಕು, ಆದ್ರ ಆ ನೀರು ಬ್ಯಾರೆ ಕಡಿ ಹೋಗ್ಲಿ. ಹೊರಗ ಬಂದ ಸ್ಲರಿ ಹಸೀದು ಹೊಲಕ್ಕ ಒಯ್ಯಬ್ಯಾಡ್ರಿ, ಕೈಲೆ ಮುಟ್ಟಬ್ಯಾಡ್ರಿ. ತಿಪ್ಪಿಗಿ ಬಿಟ್ಟು, ಮ್ಯಾಲ ತಪ್ಪಲ, ಕಸ ಹಾಕಿ ಮುಚ್ಚಿ ಆರ ತಿಂಗಳ ಬಿಡ್ರಿ. ಕೊಳತು ಒಣಗಿ ಮಣ್ಣಿನಂಗ ಆದ ಮ್ಯಾಲ ಜ್ವಾಳಕ್ಕ ಹಾಕ್ರಿ, ದಾಳಿಂಬ್ರಿ ಬುಡಕ್ಕ ಹಾಕ್ರಿ. ಹಸೀದ ತಿನ್ನೂ ಮೆಂತೆ, ಕೊತ್ತಂಬ್ರಿಗಿ ಬ್ಯಾಡ. ಮತ್ತ ಟಾಕಿ ಒಳಗ ಯಾವ ಕಾರಣಕ್ಕೂ ಯಾರನ್ನೂ ಇಳಸಬ್ಯಾಡ್ರಿ. ಒಳಗಿನ ಗ್ಯಾಸ್ ಜೀವ ತಗೋತದ."

ಸದ್ದು ಕೇಳಿ ಅಕ್ಕವ್ವ ಗೋಡೆಯ ಮೇಲಿಂದ ಇಣುಕಿದಳು. "ಇದೇನ ನಡಿಸೀರಿ ಬೆಳಬೆಳಿಗ್ಗೆ?"

"ನನ್ನ ಮಗಳಿಗಿ ದಾರಿ ಮಾಡ್ಲಿಕತ್ತಾರ, ಅಕ್ಕವ್ವ" ಎಂದಳು ಗೌರವ್ವ. "ಎಡಿ ಮಾತ ಆಡೂದಿದ್ರ ಒಳಗ ಬಾ. ಗ್ವಾಡಿ ಮ್ಯಾಲಿಂದ ಬ್ಯಾಡ."

ಅಕ್ಕವ್ವ ಒಳಗೆ ಬರಲಿಲ್ಲ. ಸಿಮೆಂಟಿನ ಕೊನೆಯ ಚೂರು ಕಿತ್ತು ಬಂತು. ಎರಡು ಮಗ್ಗು ನೀರು ಬಿಟ್ಟು ನೋಡಿದರು. ನೀರು ಸರಾಗವಾಗಿ ಟಾಕಿಗೆ ಇಳಿಯಿತು. ಗೌರವ್ವ ಆ ಒಲೆಯ ಮೇಲೆಯೇ ಚಹಾ ಮಾಡಿ, ಮನೆಯವರು ಕುಡಿಯುವ ಕಪ್ಪಿನಲ್ಲೇ ಸಂಭಾಜಿಗೆ ಮೊದಲು ಕೊಟ್ಟಳು, ಆಮೇಲೆ ಗಂಡನಿಗೆ. ಮುರಗೆಪ್ಪ ಕಟ್ಟೆಯ ಮೇಲೆ ಸಂಭಾಜಿಯ ಪಕ್ಕದಲ್ಲಿ ಕೂತು ಕುಡಿದ.

ಆ ತಿಂಗಳ ಹುಣ್ಣಿಮೆಗೆ ಹೋಳಿಗೆಯಾಯಿತು. ಅದೇ ಒಲೆ, ಅದೇ ಬೆಂಕಿ. ಮುರಗೆಪ್ಪ ಎಂದಿನಂತೆ ಎಡೆ ಹಿಡಿದು ಎಂದಿನಂತೆ ಉಂಡ, ಎರಡು ಹೋಳಿಗೆ ಹೆಚ್ಚೇ ಉಂಡ. ದೀಪಾಲಿ ಹಗಲು ಹೊತ್ತಿನಲ್ಲಿ ಹೊಟ್ಟೆ ತುಂಬ ನೀರು ಕುಡಿದಳು. ದಿನ ತುಂಬಿದ ಮೇಲೆ ಜತ್ತಿನ ದವಾಖಾನೆಯಲ್ಲಿ ಗಟ್ಟಿಮುಟ್ಟಾದ ಹೆಣ್ಣು ಕೂಸು ಹುಟ್ಟಿತು, ಬಾಣಂತನ ತವರಿನಲ್ಲೇ ಆಯಿತು. ಈಗ ಯಾರಾದರೂ ಗೋಬರ ಗ್ಯಾಸು ನೋಡಲು ಬಂದರೆ ಮುರಗೆಪ್ಪ ಮೊದಲು ಎರಡನೇ ಪೈಪು ತೋರಿಸುತ್ತಾನೆ. "ನಾ ಮಾಡಿದ ಹುಚ್ಚುತನ ನೀವು ಮಾಡಬ್ಯಾಡ್ರಿ" ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದಿದ ಮೇಲೆ ಎದ್ದು ನಿಮ್ಮ ಹಿತ್ತಲಿಗೆ ಹೋಗಿ ನೋಡಿ. ಸಂಡಾಸದಲ್ಲಿ ಕುಳ್ಳು, ಹಿಂಡಿ, ಉಳ್ಳಾಗಡ್ಡಿ ತುಂಬಿದ್ದರೆ ಇಂದೇ ಹೊರಗೆ ಹಾಕಿ. ಮೂರು ನಾಲ್ಕು ದನಗಳಿದ್ದರೆ ಗೋಬರ ಗ್ಯಾಸು ಕಟ್ಟಿಸಿ, ಸಂಡಾಸವನ್ನೂ ಅದಕ್ಕೇ ಜೋಡಿಸಿ. ಅನುದಾನ ಇದೆಯೇ ಎಂದು ಪಂಚಾಯತ ಸಮಿತಿಯಲ್ಲಿ ವಿಚಾರಿಸಿ, ತರಬೇತಿ ಪಡೆದ ಗವಂಡಿಯಿಂದಲೇ ಕಟ್ಟಿಸಿ. ದನಗಳಿಲ್ಲದಿದ್ದರೆ ಎರಡು ಗುಂಡಿಯ ಸಂಡಾಸ ಮಾಡಿಸಿ. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದನ್ನು ಬಳಸಿ. ಮುಚ್ಚಿದ್ದು ಎರಡು ವರ್ಷದಲ್ಲಿ ಒಣ ಗೊಬ್ಬರವಾಗುತ್ತದೆ, ಅದನ್ನು ನೀವೇ ತೆಗೆದು ನಿಮ್ಮ ಹೊಲಕ್ಕೆ ಹಾಕಬಹುದು. ಮಂದಿ ಏನೆಂದಾರು ಎಂದು ಹೆದರಬೇಡಿ. ನಿಮ್ಮ ಮಗಳು ನೀರು ಕುಡಿಯದೆ ಕೂತಾಗ ಆ ಮಂದಿ ಬಂದು ಕೇಳುವುದಿಲ್ಲ. ಇಷ್ಟಾದರೂ ನೆನಪಿಡಿ: ನಿಮ್ಮ ಮನೆಯ ಹೊಲಸು ನಿಮ್ಮ ಮನೆಯದೇ. ಅದನ್ನು ಹೊರುವುದಕ್ಕೆಂದು ಯಾವ ಓಣಿಯಲ್ಲೂ ಯಾವ ತಾಯಿಯೂ ಮಗನನ್ನು ಹೆತ್ತಿಲ್ಲ.