ಮ್ಯಾಟಿನ ಗೆರೆಗಳು

ಕನ್ನಡಿಯಲ್ಲಿ ಮಗಳ ಕೆಂಪು ರಿಬ್ಬನ್ ಇಲ್ಲ, ಬೇರೆ ತಲೆಗಳಿವೆ, ಕಿತ್ತಾಡುವ ತಲೆ, ಕಿಟಕಿಗೆ ಒರಗಿ ತೂಕಡಿಸುವ ತಲೆ, ಹಿಂದಿನ ಸೀಟಿನ ಅವಳ ಮೂಲೆಯಲ್ಲಿ ಮಾತ್ರ ಏನೂ ಇಲ್ಲ, ಯಾವತ್ತೂ ಇರಲಿಲ್ಲ, ಕುಳ್ಳಿ, ಅವಳಮ್ಮನ ಹಾಗೆ, ಮುಂದಿನ ಸೀಟಿಗೆ ಮರೆಯಾಗ್ತಾಳೆ ಅಂದುಕೊಂಡು ಇಷ್ಟು ದಿನ ಸ್ಕೂಲ್ ವ್ಯಾನ್ ಓಡಿಸಿದೆನಲ್ಲ — ಮೊಣಕಾಲು ಚುರುಗುಡುತ್ತಿದೆ, ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಂಟು ಉಜ್ಜುತ್ತದೆ, ಬೆಳಿಗ್ಗೆ ವ್ಯಾನ್ ತೊಳೆಯೋಣ ಅಂತ ಚಡ್ಡಿಯಲ್ಲೇ ಹಿಂದೆ ಹತ್ತಿ, ಮಂಡಿಯೂರಿ ಸೀಟಿನಡಿಯ ಬಿಸ್ಕತ್ತಿನ ಪುಡಿ ಗುಡಿಸಿ ಎದ್ದರೆ ಮಂಡಿಯ ಮೇಲೆ ಅಚ್ಚು, ಗೆರೆ, ಚುಕ್ಕೆ, ಗೆರೆ, ನೆಲಕ್ಕೆ ಹಾಸಿದ ರಬ್ಬರ್ ಮ್ಯಾಟಿನದು, ಮಕ್ಕಳು ಜಾರಬಾರದು ಅಂತ ನಾನೇ ಆರಿಸಿ ತಂದು ಕತ್ತರಿಸಿ ಹಾಸಿದ್ದು, ಈ ಅಚ್ಚು ಎಲ್ಲೋ ನೋಡಿದೀನಲ್ಲ ಅಂತ ಪೊರಕೆ ಹಿಡಿದು ನಿಂತೆ, ಆಮೇಲೆ ಹೊಳೆಯಿತು, ಮಗಳ ಕಾಲ ಮೇಲೆ. ಅವತ್ತು ನಲ್ಲಿ ಹತ್ತಿರ ಅವಳ ಕಾಲು ತೊಳೆಯುತ್ತ ಹೆಂಡತಿ, ಏನೇ ಇದು, ಕಾಲ ತುಂಬ ಬರೆ ಎಳೆದ ಹಾಗೆ, ಸಾಕ್ಸ್ ಅಮ್ಮ, ಇಷ್ಟು ಮೇಲಕ್ಕಾ, ಹೂಂ ಅಮ್ಮ, ನೋಡ್ರೀ, ಇವಳಿಗೆ ಸಾಕ್ಸ್ ಬಿಗಿಯಾಗ್ತಿದೆ, ದೊಡ್ಡದು ತನ್ನಿ. ತಂದೆ. ಮಹಾ ಬುದ್ಧಿವಂತ ಅಪ್ಪ, ಸಾಕ್ಸ್ ತಂದೆ. ಇವಳ ಲಂಗದ ಹಿಂದೆ ದಿನಾ ಧೂಳು ಯಾಕೆ ಅಂತ ಹೆಂಡತಿ ಕೇಳಿದಳು, ನಾನು ಟೀವಿ ನೋಡುತ್ತ, ಆಡೋ ಮಕ್ಕಳು ಕಣೇ ಅಂದೆ, ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೆ ವಾಪಸ್ ಬಂದರೆ ಕೊಬ್ಬು ಜಾಸ್ತಿಯಾಗಿದೆ ಅಂದೆ, ಭಾನುವಾರ ಸಂಜೆ ಹೊಟ್ಟೆನೋವು ಅಂದರೆ ನಾಟಕ ಅಂದೆ — ಏಯ್, ಇಂಡಿಕೇಟರ್ ಹಾಕೋ ಮಾರಾಯ, ರಸ್ತೆ ನಿಮ್ಮ ತಾತನದಾ.

ಮೊದಲ ದಿನ ನಾನೇ ಹೇಳಿದ್ದು, ನೋಡಮ್ಮ, ವ್ಯಾನಲ್ಲಿ ಅಪ್ಪ ಅನ್ನಬಾರದು, ಎಲ್ಲರ ಹಾಗೆ ಅಂಕಲ್ ಅನ್ನು, ಮುಂದೆ ನನ್ನ ಪಕ್ಕ ಕೂರೋದು ಬೇಡ, ಸ್ವಂತ ಮಗಳಿಗೆ ಒಳ್ಳೇ ಸೀಟು ಕೊಟ್ಟ ಅಂತ ಯಾರೂ ಆಡಿಕೊಳ್ಳಬಾರದು, ಸರಿನಾ, ಸರಿ ಅಪ್ಪ, ಏನಂದೆ, ಸರಿ ಅಂಕಲ್, ಇಬ್ಬರೂ ನಕ್ಕಿದ್ದೆವು, ಜಾಣಮರಿ ಅಂತ ಕೆನ್ನೆ ಹಿಂಡಿದ್ದೆ. ಅಪ್ಪ ಅಂತ ಕೂಗೋಕೆ ಇದ್ದ ಒಂದು ಬಾಯಿಗೆ ನಾನೇ ಬೀಗ ಜಡಿದೆ. ಹಿಂದಿನಿಂದ ಬಿಟ್ಟಿ, ಏ ಬಿಟ್ಟಿ ಅಂತ ಕೂಗು ಬಂದಾಗ ಅಡ್ಡಹೆಸರಿಲ್ಲದ ಮಕ್ಕಳಿರ್ತಾವಾ ಅಂತ ನಗುತ್ತ ಹಾರ್ನ್ ಹೊಡೆದೆ, ಫೀಸಿಲ್ಲದೆ ಬರುವವಳು ಯಾರು ಅಂತ ತಲೆಗೆ ಹೊಳೆಯಲಿಲ್ಲ, ಇಡೀ ವ್ಯಾನಿನಲ್ಲಿ ಅವಳೊಬ್ಬಳೇ. ಈಗ ಮತ್ತೆ ಆ ದನಿ, ಬಿಟ್ಟಿ, ಬ್ಯಾಗ್ ಬೀಳ್ತಿದೆ, ಹಿಡ್ಕೋ, ಎತ್ತರದ ಹುಡುಗಿಯದೇ, ದಿನಾ ಹತ್ತುವಾಗ ಗುಡ್ ಮಾರ್ನಿಂಗ್ ಅಂಕಲ್ ಅನ್ನುವವಳು, ಎಷ್ಟು ಮರ್ಯಾದೆಯ ಹುಡುಗಿ ಅಂತ ಮನೆಯಲ್ಲಿ ಹೊಗಳಿದ್ದೆ, ಮಗಳು ತಟ್ಟೆ ನೋಡುತ್ತ ಕೂತಿದ್ದಳು. ಆ ಹುಡುಗಿಯ ಅಮ್ಮ ಹೇಳಿದ್ದಕ್ಕೇ ಅವರ ಬಿಲ್ಡಿಂಗಿನ ಮಕ್ಕಳೆಲ್ಲ ನನ್ನ ವ್ಯಾನಿಗೆ ಬಂದದ್ದು, ಆಕೆ ಮುಖ ತಿರುಗಿಸಿದರೆ ಅರ್ಧ ವ್ಯಾನ್ ಖಾಲಿ — ಸುಮ್ಮನಿರಲಾ, ನಾಳೆಯಿಂದ ಬಸ್ಸಿಗೆ ಹಾಕಲಾ ಇವಳನ್ನ — ಥೂ, ಮಗಳನ್ನೇ ಇಳಿಸೋಕೆ ನೋಡ್ತೀಯಾ, ನಿಲ್ಲಿಸು, ಇಲ್ಲೇ, ಈ ಗೋಡೆ ಪಕ್ಕ.

ಹ್ಯಾಂಡ್ ಬ್ರೇಕ್. ಕೂಗಾಡಬಾರದು, ಕೂಗಾಡಿದರೆ ಇವಳೇ ಮೊದಲು ಬೆದರುತ್ತಾಳೆ, ನಿಧಾನ, ಬಾಗಿಲು ಸರಿಸು. ಏನಾಯ್ತು ಅಂಕಲ್, ಪಂಕ್ಚರ್ರಾ. ಹಿಂದಿನ ಸೀಟಿನ ಮೂಲೆಯಲ್ಲಿ ಬ್ಯಾಗುಗಳು ಹಾಯಾಗಿ ಕೂತಿವೆ, ಕೆಳಗೆ, ಬೂಟುಗಳ ನಡುವೆ, ಮಡಿಚಿದ ಕಾಲ ಮೇಲೆ ಇನ್ನೊಬ್ಬರ ಬ್ಯಾಗ್ ಅವಚಿಕೊಂಡು ಕೆಂಪು ರಿಬ್ಬನ್. ಇದೇನಮ್ಮಾ. ನಾನೇ ಕೂತಿದ್ದು ಅಂಕಲ್. ನಾನೇ, ಅಂಕಲ್ — ಮಾತು ಕಲಿಸಿದ್ದು ನಾನು, ಎಷ್ಟು ಚೆನ್ನಾಗಿ ಕಲಿತಿದ್ದಾಳೆ. ಸುಮ್ನೆ ತಮಾಷೆಗೆ ಅಂಕಲ್, ಎತ್ತರದ ಹುಡುಗಿಯ ದನಿ ಸಣ್ಣಗಾಗಿದೆ. ತಮಾಷೆ ಅಂದ್ರೆ ಇವಳೂ ನಗ್ತಿರಬೇಕಿತ್ತು, ಸಂಜೆ ನಿಮ್ಮನೆಗೆ ಬರ್ತೀನಮ್ಮ, ನಿಮ್ಮಮ್ಮನ ಹತ್ರ ಮಾತಾಡ್ತೀನಿ, ಈ ದನಿ ನನ್ನದೇನಾ, ನಡುಗಲಿಲ್ಲ, ಹೋದರೆ ಹೋಗಲಿ ಅರ್ಧ ವ್ಯಾನ್. ಬಾ, ಮುಂದೆ ನನ್ನ ಪಕ್ಕ ಕೂತ್ಕೋ, ಅಪ್ಪ ಕಣೇ ನಾನು, ಅಪ್ಪ ಅನ್ನು. ಅವಳು ನನ್ನ ನೋಡಲಿಲ್ಲ, ಮೊದಲು ಆ ಹುಡುಗಿಯ ಕಡೆ ನೋಡಿದಳು, ಏಳಲಾ ಅಂತ ಕೇಳುವವಳ ಹಾಗೆ, ಆಮೇಲೆ ಬ್ಯಾಗನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ಎದ್ದಳು, ಲಂಗ ಜಾಡಿಸಿಕೊಂಡಳು, ಅಭ್ಯಾಸದ ಕೈ, ಎತ್ತಿಕೊಂಡೆ, ಎತ್ತಿಕೊಳ್ಳುವ ವಯಸ್ಸಲ್ಲ, ಆದರೂ, ನನ್ನ ಕೈಗೆ ಅವಳ ಕಾಲು ತಗುಲಿತು, ಬಿಸಿಯಾಗಿ, ತಗ್ಗು ತಗ್ಗಾಗಿ, ನೋಡದೆಯೇ ಬೆರಳಿಗೆ ಗೊತ್ತಾಗುತ್ತಿದೆ, ಗೆರೆ, ಚುಕ್ಕೆ, ಗೆರೆ —