ಜರಿಯಂಚಿನ ಮಸಿಬಟ್ಟೆ

ನಮ್ಮ ಮನೆಯ ಮಸಿಬಟ್ಟೆಗೆ ಜರಿಯಂಚಿತ್ತು. ಮಂಡಕ್ಕಿ ಭಟ್ಟಿಯ ಕಾದ ಬಾಣಲೆಯನ್ನು ಅವ್ವ ಅದರಲ್ಲೇ ಹಿಡಿಯುತ್ತಿದ್ದಳು. ಹೊಗೆ ಕುಡಿದು ಕಪ್ಪಾದ ಬಟ್ಟೆಯಲ್ಲಿ ಅಂಚೊಂದೇ ಬೆಂಕಿಯ ಬೆಳಕಿಗೆ ಮಿಣುಕುತ್ತಿತ್ತು.

ಅದು ರುದ್ರಗೌಡರು ಹೊದಿಸಿದ ಶಾಲು. ಗಡಿಯಲ್ಲಿ ಯುದ್ಧ ನಡೆದಿತ್ತು. ಅಣ್ಣ ಅಲ್ಲಿ ಸತ್ತು ತಿಂಗಳೂ ಆಗಿರಲಿಲ್ಲ. ನಮ್ಮ ನಾಯಕರಾದ ಗೌಡರು ಊರೂರಲ್ಲಿ ಸಭೆ ಮಾಡಿ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿದ್ದರು. ಪ್ರಶ್ನೆಯನ್ನು ಅವರೇ ಕೇಳುತ್ತಿದ್ದರು, ಉತ್ತರವನ್ನೂ ಅವರೇ ಹೇಳುತ್ತಿದ್ದರು. ನಮ್ಮ ಪಾಲಿಗೆ ಚಪ್ಪಾಳೆ ಉಳಿಯುತ್ತಿತ್ತು.

ಆ ಸಂಜೆ ಅವ್ವನನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸನ್ಮಾನ ಮಾಡಿಸಿಕೊಂಡವರು ಕೈಮುಗಿದು ಸುಮ್ಮನೆ ಕೂರುವುದು ವಾಡಿಕೆ. ಅವ್ವನೂ ಕೂತಳು. ಮೈಕಿನ ಮುಂದೆ ಗೌಡರು ಗದ್ಗದಿತರಾದರು.

"ಈ ಮಹಾತಾಯಿ ಈಗಷ್ಟೇ ನನ್ನ ಕಿವಿಯಲ್ಲಿ ಏನು ಹೇಳಿದಳು ಗೊತ್ತೇ? 'ಒಬ್ಬ ಹೋದರೇನು, ಇನ್ನೊಬ್ಬ ಮಗನಿದ್ದಾನೆ, ಅವನನ್ನೂ ತಗೊಳ್ಳಿ' ಅಂದಳು!"

ಮೈದಾನ ಭೋರ್ಗರೆಯಿತು. ಆ ಇನ್ನೊಬ್ಬ ನಾನು. ಅವ್ವ ಅವರ ಕಿವಿಯ ಹತ್ತಿರವೂ ಹೋಗಿರಲಿಲ್ಲ.

"ಗಂಟುಮೂಟೆ ಕಟ್ಟಪ್ಪಾ!" ಎಂದು ಪಕ್ಕದವನು ಬೆನ್ನು ತಟ್ಟಿದ. ಯಾರೋ ಆಗಲೇ ನನ್ನನ್ನು ಹೆಗಲಿಗೇರಿಸಿದ್ದರು. ಅಷ್ಟು ಜನ ಕೇಳಿದ ಮೇಲೆ ಇಲ್ಲವೆಂದರೆ ಹೇಡಿ, ದ್ರೋಹಿ. ಕಾಲಿಗೆ ನೆಲ ಸಿಗದೆ ಒದ್ದಾಡುತ್ತ ಅವ್ವನನ್ನೇ ನೋಡಿದೆ.

ಅವ್ವ ಎದ್ದು ಮೈಕು ಹಿಡಿದಳು. ಹೊಗೆಗೆ ಒಡೆದ ದನಿ.

"ಗೌಡ್ರು ಒಂದು ಮಾತು ಮರೆತ್ರು. ಅವರೂ ನನ್ನ ಕಿವೀಲಿ ಹೇಳಿದ್ರು. 'ತಿಪ್ಪಮ್ಮಾ, ನಿನ್ನ ಮಗನ ಜೊತೆ ನನ್ನ ಮಗನೂ ಹೊರಡ್ತಾನೆ. ಮೊದ್ಲು ಅವನ ಹೆಸರೇ ಬರ್ಕೊಳ್ಳಲಿ' ಅಂತ."

ಜನ ಇದೂ ಕಾರ್ಯಕ್ರಮದ ಭಾಗವೆಂದೇ ತಿಳಿದರು. ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಮುಂದಿನ ಸಾಲಿನಲ್ಲಿ ಸೋಡಾ ಕುಡಿಯುತ್ತಿದ್ದ ಗೌಡರ ಮಗನನ್ನೂ ಎತ್ತಿ ಹೆಗಲಿಗೇರಿಸಿದರು. "ಅಪ್ಪಾ, ಇಳಿಸೋಕೆ ಹೇಳಪ್ಪಾ!" ಎಂದು ಅವನು ಚೀರಿದ್ದು ಜೈಕಾರದಲ್ಲಿ ಮುಳುಗಿತು. ಗೌಡರು ನಗಲು ನೋಡಿದರು. ತುಟಿ ಮಾತು ಕೇಳಲಿಲ್ಲ.

"ಹುಡುಗರ ವಿಚಾರ... ಆಮೇಲೆ ನೋಡೋಣ," ಎಂದು ಸಭೆ ಮುಗಿಸಿದರು.

ಇಬ್ಬರ ಹೆಸರನ್ನೂ ಯಾರೂ ಬರೆದುಕೊಳ್ಳಲಿಲ್ಲ. ಆದರೂ ಬೀದಿಯಲ್ಲಿ ಜೀಪಿನ ಸದ್ದಾದರೆ ಸಾಕು, ನನ್ನನ್ನು ಒಯ್ಯಲು ಬಂದರೆಂದು ತಟ್ಟೆ ಬಿಟ್ಟು ಏಳುತ್ತಿದ್ದೆ. ಒಂದು ಬೆಳಿಗ್ಗೆ ಜೀಪು ಬಂದೇ ಬಂತು. ನಾನು ಭಟ್ಟಿಯ ಹಿಂದೆ ಸರಿದೆ.

ಗೌಡರ ಕಡೆಯವನು ಇಳಿದು, "ಶಾಲು ವಾಪಸ್ ಬೇಕಂತೆ ಅವ್ವಾ. ನಾಳೆ ಪಕ್ಕದೂರಲ್ಲಿ ಸಭೆ," ಅಂದ.

"ಅಲ್ಲಿ ಯಾರ ಮಗ ಸತ್ತಿದಾನೆ?"

ಅವನು ಶಾಲಿಗಾಗಿ ಕೈ ಚಾಚಿದ.

ಅವ್ವ ಗೂಟದಿಂದ ಶಾಲು ಎಳೆದು, ನಾಲ್ಕು ಮಡಿಕೆ ಮಾಡಿ, ಕಾದ ಬಾಣಲೆಯ ಅಂಚು ಹಿಡಿದಳು. ಉಣ್ಣೆ ಸುಟ್ಟ ವಾಸನೆ ಎದ್ದಿತು. ಅವನು ಜರಿಯನ್ನೇ ನೋಡುತ್ತ ನಿಂತಿದ್ದ. ಬಾಣಲೆಯಲ್ಲಿ ಮಂಡಕ್ಕಿ ಚಟಚಟನೆ ಅರಳುತ್ತಿತ್ತು.